ಎಸ್ಸೆನ್: ಪಂಪು ನಿಲ್ಲದ ಊರು

ಜರ್ಮನಿಯ ಎಸ್ಸೆನ್ ನಗರದ ಕಟ್ಟಕಡೆಯ ಕಲ್ಲಿದ್ದಲು ಗಣಿ ಟ್ಸೋಲ್‌ಫೆರೈನ್ ಮುಚ್ಚಿದ್ದು 1986ರ ಡಿಸೆಂಬರ್ 23ರಂದು. ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆತ್ತುತ್ತಿದ್ದ ಅದರ ಹನ್ನೆರಡನೆಯ ಬಾವಿಯ ಉಕ್ಕಿನ ಗೋಪುರ ಈಗ ವಿಶ್ವ ಪರಂಪರೆಯ ತಾಣ. ಪ್ರವಾಸಿಗರು ಅದನ್ನು ನೋಡಿ ಬೆರಗಾಗುತ್ತಾರೆ, ಆಗಲೇಬೇಕು. ಆದರೆ ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಊರಿನ ಇನ್ನೊಂದು ಮೂಲೆಯ ಹೈನ್‌ರಿಶ್ ಗಣಿ. ಅಲ್ಲಿ ಅಗೆತ ನಿಂತು ದಶಕಗಳೇ ಆದವು. ಅದರ ಬಾವಿಯಿಂದ ನೀರೆತ್ತುವ ಕೆಲಸ ಮಾತ್ರ ನಿಂತಿಲ್ಲ. ನಿಲ್ಲಿಸುವ ಹಾಗೂ ಇಲ್ಲ.

ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದಿನ ಜೌಗು ಕಾಡುಗಳು ಇಲ್ಲಿ ಕಲ್ಲಿದ್ದಲಾಗಿವೆ. ದಕ್ಷಿಣದಲ್ಲಿ, ರೂರ್ ನದಿಯ ದಂಡೆಯಲ್ಲಿ, ಅದರ ಪದರಗಳು ನೆಲದ ಮಟ್ಟಕ್ಕೇ ಬಂದಿವೆ. ಉತ್ತರಕ್ಕೆ ಹೋದಂತೆ ಓರೆಯಾಗಿ ಆಳಕ್ಕಿಳಿಯುತ್ತವೆ. ಅವುಗಳ ಮೇಲೆ ನೀರು ತುಂಬಿದ ಸುಣ್ಣಮಿಶ್ರಿತ ಜೇಡಿಬಂಡೆಯ ಹೊದಿಕೆಯಿದೆ. 1830ರ ದಶಕದಲ್ಲಿ ಫ್ರಾನ್ಸ್ ಹಾನಿಯೆಲ್ ಎಂಬ ಉದ್ಯಮಿ ಈ ಹೊದಿಕೆಯನ್ನು ಕೊರೆಸಿ ಕೆಳಗಿಳಿದದ್ದು ಉಗಿಯಂತ್ರದ ಪಂಪಿನ ಬಲದಿಂದ. ಎಸ್ಸೆನ್‌ನ ಆಳದ ಗಣಿಗಾರಿಕೆ ಹುಟ್ಟಿದ್ದೇ ನೀರೆತ್ತುವುದರಿಂದ. 1811ರಲ್ಲಿ ಇದೇ ಊರಿನಲ್ಲಿ ಶುರುವಾಗಿದ್ದ ಕ್ರುಪ್ ಉಕ್ಕಿನ ಕಾರ್ಖಾನೆ ಆ ಕಲ್ಲಿದ್ದಲನ್ನು ಉಂಡು ಬೆಳೆಯಿತು. ಬೆಸುಗೆಯಿಲ್ಲದ ರೈಲುಗಾಲಿಯ ಪಟ್ಟಿಗಳನ್ನು ಜಗತ್ತಿಗೆ ಮಾರಿತು, ಫಿರಂಗಿಗಳನ್ನೂ ಮಾರಿತು.

ಪದರದಿಂದ ಕಲ್ಲಿದ್ದಲು ತೆಗೆದ ಮೇಲೆ ಉಳಿಯುವ ಪೊಳ್ಳು ಹಾಗೇ ಇರುವುದಿಲ್ಲ. ಕೆಲಸ ಮುಂದೆ ಸಾಗಿದಂತೆ ಹಿಂದಿನ ಆಸರೆಗಳನ್ನು ಕಳಚುತ್ತಾರೆ, ಮೇಲಿನ ಬಂಡೆ ಕುಸಿದು ಜಾಗ ತುಂಬುತ್ತದೆ. ಆ ಕುಸಿತ ಬಂಡೆಯಿಂದ ಬಂಡೆಗೆ ಏರುತ್ತ ಕಡೆಗೆ ನೆಲವನ್ನೇ ಬಟ್ಟಲಿನಂತೆ ತಗ್ಗಾಗಿಸುತ್ತದೆ. ಒಂದು ಪದರದ ದಪ್ಪ ಸಾಮಾನ್ಯವಾಗಿ ಒಂದೆರಡು ಮೀಟರ್. ಆದರೆ ಒಂದರ ಕೆಳಗೊಂದು ಎಷ್ಟೋ ಪದರಗಳನ್ನು ತೆಗೆದಿದ್ದಾರೆ. ಎಸ್ಸೆನ್ ಸೇರಿದ ಕಲ್ಲಿದ್ದಲು ಸೀಮೆಯಾದ ರೂರ್ ಪ್ರದೇಶದ ಕೆಲವೆಡೆ ನೆಲ 20 ಮೀಟರಿಗೂ ಹೆಚ್ಚು ಇಳಿದಿದೆ. ಮನೆ, ರಸ್ತೆ, ಚರ್ಚು ಸಮೇತ ಇಳಿದಿದೆ! ದಕ್ಷಿಣದ ಹಳೆಯ, ಆಳವಿಲ್ಲದ ಸುರಂಗಗಳ ಪಾಡು ಬೇರೆ. ಅವು ಟೊಳ್ಳಾಗಿಯೇ ಉಳಿದು ಎಂದೋ ಒಂದು ದಿನ ಬಾಯಿ ತೆರೆಯುತ್ತವೆ. 2013ರ ನವೆಂಬರಿನಲ್ಲಿ ಎಸ್ಸೆನ್‌ನ ಮುಖ್ಯ ರೈಲು ನಿಲ್ದಾಣದ ಬಳಿ ಹಳಿಗಳ ಕೆಳಗೆ ಇಂಥ ಪೊಳ್ಳುಗಳು ಕಂಡು ರೈಲು ಸಂಚಾರ ಏರುಪೇರಾಯಿತು.

ನೆಲ ಬಟ್ಟಲಾದರೆ ನೀರಿಗೆ ಹರಿಯಲು ದಾರಿಯಿಲ್ಲ. ನಗರದ ಉತ್ತರದಲ್ಲಿ ಹರಿಯುವ ಎಮ್ಶರ್ ಹೊಳೆಗೆ ಆದದ್ದು ಇದೇ. ಕೊಳಚೆ ನಿಂತು ರೋಗ ಹರಡಿತು. 1899ರಲ್ಲಿ ಊರುಗಳೂ ಗಣಿಗಳೂ ಸೇರಿ ಹೊಳೆಯ ನಿರ್ವಹಣೆಗೆ ಒಂದು ಸಹಕಾರಿ ಸಂಸ್ಥೆ ಕಟ್ಟಿದವು. ಕುಸಿಯುವ ನೆಲದಡಿ ಹೂತ ಕೊಳವೆಗಳು ಒಡೆಯುತ್ತವೆಂದು ಎಂಜಿನಿಯರುಗಳು ಹೊಳೆಯನ್ನೇ ಕಾಂಕ್ರೀಟಿನ ತೆರೆದ ಚರಂಡಿ ಮಾಡಿದರು. ಗಣಿಗಳು ಮುಚ್ಚಿ ನೆಲ ತಣ್ಣಗಾದ ಮೇಲೆ, 1992ರಿಂದ, ಆ ತಪ್ಪನ್ನು ತಿದ್ದುವ ಕೆಲಸ ಶುರುವಾಯಿತು. ಆಳದಲ್ಲಿ 51 ಕಿಲೋಮೀಟರ್ ಉದ್ದದ ಕೊಳಚೆ ಕಾಲುವೆ ಹಾಕಿದರು. 2021ರ ಕೊನೆಗೆ ಎಮ್ಶರ್‌ನಲ್ಲಿ ಕೊಳಚೆ ಹರಿಯುವುದು ನಿಂತಿತು. ಮೂವತ್ತು ವರ್ಷ ಪಟ್ಟುಹಿಡಿದು ಒಂದು ಹೊಳೆಯನ್ನು ಬಿಡಿಸಿಕೊಂಡ ಈ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಮೇಲಿನ ನೀರಿನ ಕಥೆ ಇದು. ಕೆಳಗಿನದು ಇನ್ನೂ ಕಠಿಣ. ಮಳೆನೀರು ಇಂಗುತ್ತ ಬಿಟ್ಟುಹೋದ ಸುರಂಗಗಳಿಗಿಳಿದು ಬಂಡೆಯ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ತಡೆಯದಿದ್ದರೆ ಈ ಉಪ್ಪುನೀರು ಏರುತ್ತ ಬಂದು ಕುಡಿಯುವ ಅಂತರ್ಜಲಕ್ಕೆ ಬೆರೆಯಬಹುದು. ಅದಕ್ಕೇ ಹೈನ್‌ರಿಶ್‌ನಂಥ ಕೆಲವು ಬಾವಿಗಳಲ್ಲಿ ಪಂಪು ಇಳಿಸಿ ನೀರಿನ ಮಟ್ಟವನ್ನು ಆಳದಲ್ಲೇ ಹಿಡಿದಿಡುತ್ತಾರೆ. ಜರ್ಮನರು ಇಂಥ ಕೆಲಸಗಳನ್ನು ಕರೆಯುವುದು 'ಅನಂತಕಾಲದ ಹೊರೆ' ಎಂದು. ಲೆಕ್ಕಪತ್ರದಲ್ಲಿ ಬರುವ ಮಾತು ಇದು, ಕಾವ್ಯದ್ದಲ್ಲ. ಖರ್ಚು ಭರಿಸಲೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಅದರ ಕಚೇರಿ ಇರುವುದು ಟ್ಸೋಲ್‌ಫೆರೈನ್ ಆವರಣದಲ್ಲೇ.

ಜರ್ಮನಿಯ ಕೊನೆಯ ನೆಲದಾಳದ ಕಪ್ಪು ಕಲ್ಲಿದ್ದಲು ಗಣಿ, ಪಕ್ಕದ ಬೊಟ್ರೋಪ್‌ನದು, 2018ರ ಡಿಸೆಂಬರಿನಲ್ಲಿ ಮುಚ್ಚಿತು. ಅಂದು ಮೇಲೆ ಬಂದ ಕಡೆಯ ಕಲ್ಲಿದ್ದಲ ಗಟ್ಟಿಯನ್ನು ಗಣಿಗಾರರು ದೇಶದ ಅಧ್ಯಕ್ಷರ ಕೈಗಿತ್ತರು. ಕುಸಿದ ನೆಲವಂತೂ ಮೇಲೇಳುವುದಿಲ್ಲ. ತಗ್ಗಿನ ಮಳೆನೀರನ್ನು ಎತ್ತಿ ಹೊರಹಾಕುವ ಪಂಪುಗಳು ನಿಂತರೆ ರೂರ್ ಪ್ರದೇಶದ ಸುಮಾರು ಐದನೇ ಒಂದು ಭಾಗ ಕೆರೆಯಾಗುತ್ತದೆ. ಈ ಹೊತ್ತೂ ಎಸ್ಸೆನ್‌ನ ತಗ್ಗು ಬಡಾವಣೆಗಳಲ್ಲಿ ಬಿದ್ದ ಮಳೆಯನ್ನು ಪಂಪುಗಳು ಎತ್ತಿ, ತಲೆಗಿಂತ ಮೇಲೆ ಹರಿಯುವ ಎಮ್ಶರ್‌ಗೆ ಸುರಿಯುತ್ತಿವೆ.