ದ್ವೀಪದಿಂದ ಹೊರಟ ದಿನವೇ ಅಥೆನ್ಸ್‌ನಲ್ಲಿ ವಿಮಾನ ಹತ್ತಬಹುದೇ?

ಪ್ರಶ್ನೆ: ಜುಲೈ ಕೊನೆಯಲ್ಲಿ ಮನೆಮಂದಿಯೆಲ್ಲ ಗ್ರೀಸ್‌ಗೆ ಹೊರಟಿದ್ದೇವೆ. ಮೊದಲು ಅಥೆನ್ಸ್, ಆಮೇಲೆ ನಾಕ್ಸೋಸ್, ಕೊನೆಗೆ ಕೂಫೊನೀಸಿಯಾ ಎಂಬ ಪುಟ್ಟ ದ್ವೀಪ. ಕೊನೆಯ ದಿನ ಬೆಳಗ್ಗೆ ಅಲ್ಲಿಂದ ಫೆರಿ ಹಿಡಿದು, ಅದೇ ರಾತ್ರಿ ಅಥೆನ್ಸ್‌ನಿಂದ ಬೆಂಗಳೂರಿಗೆ ವಿಮಾನ ಹತ್ತುವ ಲೆಕ್ಕಾಚಾರ. ಆಗುತ್ತದೆಯೇ?

ಉತ್ತರ: ವೇಳಾಪಟ್ಟಿ ನೋಡಿದರೆ ಆಗುತ್ತದೆ. ಆದರೂ ಬೇಡ. ಹಿಂದಿನ ದಿನವೇ ಅಥೆನ್ಸ್ ಸೇರಿಕೊಳ್ಳಿ.

ಕಾರಣ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಈ ದ್ವೀಪಗಳಿರುವ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಒಣ ಗಾಳಿ ಬೀಸುತ್ತದೆ. ಒಮ್ಮೆ ಹಿಡಿದರೆ ಕೆಲವು ದಿನ ಬಿಡುವುದಿಲ್ಲ. ನಮಗೆ ಕಡಲು ಕೆರಳುವುದೆಂದರೆ ಕಪ್ಪು ಮೋಡ, ಜಡಿಮಳೆ, ಮಲ್ಪೆಯಲ್ಲಿ ದಡ ಸೇರಿ ಕೂತ ದೋಣಿಗಳು. ಅಲ್ಲಿ ಹಾಗಲ್ಲ. ಆಕಾಶದಲ್ಲಿ ತುಣುಕು ಮೋಡವೂ ಇರುವುದಿಲ್ಲ, ಬಿಸಿಲು ಚುರುಗುಟ್ಟುತ್ತಿರುತ್ತದೆ, ಸಮುದ್ರದ ತುಂಬ ಮಾತ್ರ ಬೆಳ್ಳನೆಯ ನೊರೆ. ಇಷ್ಟು ಚೆಂದದ ಹವೆಯಲ್ಲಿ ಹಡಗು ಯಾಕೆ ನಿಲ್ಲಿಸಿದರು ಎಂದು ಹೊಸಬರು ಬಂದರಿನಲ್ಲಿ ಜಗಳಕ್ಕೆ ನಿಲ್ಲುವುದು ಇದಕ್ಕೇ. ತಮಾಷೆಯೆಂದರೆ, ಈ ಗಾಳಿಗೂ ನಮ್ಮ ಮುಂಗಾರಿಗೂ ನಂಟಿದೆ. ಬೇಸಿಗೆಯಲ್ಲಿ ಪಾಕಿಸ್ತಾನ, ವಾಯವ್ಯ ಭಾರತದ ಮೇಲೆ ಕೂತು ಮುಂಗಾರನ್ನು ಎಳೆದುಕೊಳ್ಳುವ ಕಡಿಮೆ ಒತ್ತಡದ ವಲಯ ಇರಾನ್ ದಾಟಿ ಟರ್ಕಿಯವರೆಗೂ ಚಾಚಿರುತ್ತದೆ. ಆಚೆ ಬಾಲ್ಕನ್ ಕಡೆ ಒತ್ತಡ ಹೆಚ್ಚು. ಇವೆರಡರ ನಡುವೆ ಸಿಕ್ಕ ಏಜಿಯನ್ ಮೇಲೆ ಗಾಳಿ ನುಗ್ಗುತ್ತದೆ.

ಹಡಗು ಬಿಡಬೇಕೋ ಬೇಡವೋ ಎನ್ನುವುದು ಕಂಪನಿಯೊಂದರ ಕೈಯಲ್ಲಿಲ್ಲ. ಗಾಳಿ ಮಿತಿ ಮೀರಿದರೆ ಕೋಸ್ಟ್ ಗಾರ್ಡ್‌ನ ಬಂದರು ಅಧಿಕಾರಿಗಳೇ ತಡೆ ಹಾಕುತ್ತಾರೆ. ಬಂದರಿನ ಕಾಫಿ ಅಂಗಡಿಯಲ್ಲಿ ‘ಅಪಗೊರೆಫ್ಟಿಕೊ’ ಎಂಬ ಮಾತು ಕಿವಿಗೆ ಬಿತ್ತೆಂದರೆ ಅದೇ ಸುದ್ದಿ. ದೊಡ್ಡ ಕಾರ್ ಫೆರಿಗಳಿಗೆ ಸಾಮಾನ್ಯವಾಗಿ ಗಾಳಿಯ ಬಿರುಸು ಅಳೆಯುವ ಬೋಫರ್ಟ್ ಮಾಪನದ 8ರ ಆಸುಪಾಸಿನಲ್ಲಿ, ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ಗಾಳಿಯಲ್ಲಿ, ತಡೆ ಬೀಳುತ್ತದೆ. ಜೋಡಿ ಒಡಲಿನ ವೇಗದ ಕ್ಯಾಟಮರಾನ್‌ಗಳೂ ಸಣ್ಣ ಹಡಗುಗಳೂ ಅದಕ್ಕೆ ಮೊದಲೇ ನಿಲ್ಲುತ್ತವೆ. ಈ ವಿಷಯದಲ್ಲಿ ಅಲ್ಲಿನವರು ವಾದ ಮಾಡುವುದಿಲ್ಲ. 2000ದ ಸೆಪ್ಟೆಂಬರ್ 26ರ ರಾತ್ರಿ, ಬಿರುಗಾಳಿಯಲ್ಲಿ, ಎಕ್ಸ್‌ಪ್ರೆಸ್ ಸಾಮಿನಾ ಎಂಬ ಫೆರಿ ಪಾರೋಸ್ ದ್ವೀಪದ ಬಂದರಿನ ಹೊರಗೆ ಬಂಡೆಗೆ ಬಡಿದು ಮುಳುಗಿ ಸುಮಾರು 80 ಜನ ತೀರಿಕೊಂಡದ್ದು ಅವರಿಗೆ ನೆನಪಿದೆ.

ಇನ್ನು ನೀವು ಆರಿಸಿಕೊಂಡ ದ್ವೀಪ. ಕೂಫೊನೀಸಿಯಾದಲ್ಲಿ ವಿಮಾನ ನಿಲ್ದಾಣವಿಲ್ಲ. ನಾಕ್ಸೋಸ್‌ನಿಂದ ಇರಾಕ್ಲಿಯಾ, ಸ್ಕಿನೂಸಾ, ಕೂಫೊನೀಸಿಯಾ, ದೊನೂಸಾ ಮುಟ್ಟಿ ಅಮೊರ್ಗೋಸ್‌ವರೆಗೆ ಓಡಾಡುವ ‘ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್’ ಎಂಬ ಪುಟ್ಟ ಹಡಗೇ ಅಲ್ಲಿಯವರ ಜೀವನಾಡಿ. ಹೆಸರಲ್ಲಷ್ಟೇ ಎಕ್ಸ್‌ಪ್ರೆಸ್, ನಮ್ಮ ಹಳ್ಳಿ ಬಸ್ಸಿನ ಹಾಗೆ ಜನ, ತರಕಾರಿ, ಸಾಮಾನು ಎಲ್ಲವನ್ನೂ ಇಳಿಸುತ್ತಾ ಹತ್ತಿಸುತ್ತಾ ಹೋಗುತ್ತದೆ. ಶಾಂತ ಸಮುದ್ರದಲ್ಲಿ ಇದಕ್ಕಿಂತ ಸೊಗಸಾದ ಪಯಣ ಬೇರಿಲ್ಲ. ಗಾಳಿಯ ದಿನ ಹೊಟ್ಟೆ ತೊಳಸುತ್ತದೆ, ಮಾತ್ರೆ ಮೊದಲೇ ನುಂಗಿರಬೇಕು. ವಾರದ ಕೆಲವು ದಿನ ಅಥೆನ್ಸ್‌ನ ಬಂದರಾದ ಪಿರೆಯಸ್‌ನಿಂದ ದೊಡ್ಡ ಫೆರಿಯೂ ಕೂಫೊನೀಸಿಯಾಕ್ಕೆ ಬರುತ್ತದೆ. ಸಾಧ್ಯವಿದ್ದರೆ ವಾಪಸಾತಿಗೆ ಅದನ್ನೇ ಹಿಡಿಯಿರಿ. ತಡವಾಗಿ ಮುಟ್ಟಿಸಿದರೂ ಮುಟ್ಟಿಸುವ ಸಂಭವ ಅದರದ್ದೇ ಹೆಚ್ಚು.

ನಾನಾದರೆ ಪ್ರವಾಸವನ್ನೇ ತಿರುವಿ ಹಾಕುತ್ತೇನೆ. ಮೊದಲು ದೂರದ ಕೂಫೊನೀಸಿಯಾ, ಆಮೇಲೆ ನಾಕ್ಸೋಸ್, ಕೊನೆಗೆ ಅಥೆನ್ಸ್. ನಾಕ್ಸೋಸ್‌ಗೆ ದಿನವೂ ಹಲವು ಹಡಗುಗಳಿವೆ, ಅಥೆನ್ಸ್‌ಗೆ ಸಣ್ಣ ವಿಮಾನವೂ ಇದೆ (ಹಡಗು ನಿಂತ ದಿನ ಅದರ ಸೀಟಿಗೆ ಎಲ್ಲರೂ ಮುಗಿಬೀಳುತ್ತಾರೆ, ಆ ಮಾತು ಬೇರೆ). ಒಂದು ದಿನ ಗಾಳಿಗೆ ಹೋದರೂ ಕಡಿತವಾಗುವುದು ಅಥೆನ್ಸ್ ಸುತ್ತಾಟ, ವಿಮಾನವಲ್ಲ. ಪಿರೆಯಸ್‌ನಲ್ಲಿ ಇಳಿದವರಿಗೆ 2022ರಿಂದ ಏರ್‌ಪೋರ್ಟ್‌ವರೆಗೆ ನೇರ ಮೆಟ್ರೊ ಇದೆ, ಸುಮಾರು ಒಂದು ಗಂಟೆಯ ದಾರಿ. ರಾಫಿನಾ ಬಂದರಿಗೆ ಹೋಗುವ ಹಡಗು ಸಿಕ್ಕರೆ ಏರ್‌ಪೋರ್ಟ್ ಇನ್ನೂ ಹತ್ತಿರ.

ಹತ್ತುವುದು ಇಳಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ದೊಡ್ಡ ಫೆರಿ ಹಿಂಬದಿ ಮುಂದಾಗಿ ಬಂದು, ಕಬ್ಬಿಣದ ಬಾಗಿಲನ್ನು ದಕ್ಕೆಯ ಮೇಲೆ ಧಡಾರನೆ ಬೀಳಿಸುತ್ತದೆ. ಲಾರಿಗಳು, ಕಾರುಗಳು, ಜನ ಎಲ್ಲ ಅದೇ ಬಾಯಿಂದ. ಒಳಗೆ ಹೋದ ಕೂಡಲೇ ಪಕ್ಕದಲ್ಲಿ ದ್ವೀಪದ ಹೆಸರು ಬರೆದ ಕಪಾಟುಗಳಿರುತ್ತವೆ; ನಿಮ್ಮ ದ್ವೀಪದ್ದರಲ್ಲೇ ಸೂಟ್‌ಕೇಸ್ ಇಟ್ಟು, ಪಾಸ್‌ಪೋರ್ಟ್, ಔಷಧಿ ಜೊತೆಗಿಟ್ಟುಕೊಂಡು ಮೇಲೆ ಹತ್ತಿ. ಸಣ್ಣ ದ್ವೀಪಗಳಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ಮೈಕಿನಲ್ಲಿ ಹೆಸರು ಕೂಗಿದ ತಕ್ಷಣ ಕೆಳಗಿಳಿದು, ಡೀಸೆಲ್ ವಾಸನೆಯ ಆ ಗ್ಯಾರೇಜಿನಲ್ಲಿ ಬ್ಯಾಗ್ ಹಿಡಿದು ನಿಂತಿರಬೇಕು. ಊಟದ ಚಿಂತೆ ಬೇಡ, ಸಸ್ಯಾಹಾರಿಗಳಿಗೆ ಕ್ಯಾಂಟೀನಿನಲ್ಲಿ ಪಾಲಕ್ ತುಂಬಿದ ಸ್ಪನಕೋಪಿಟಾ ಸಿಗುತ್ತದೆ.

ಹಡಗು ರದ್ದಾದರೆ ದುಡ್ಡು? ಐರೋಪ್ಯ ಒಕ್ಕೂಟದ ನಿಯಮದಂತೆ ಟಿಕೆಟ್ ಹಣ ವಾಪಸ್ ಪಡೆಯಬಹುದು, ಇಲ್ಲವೇ ಮುಂದಿನ ಹಡಗಿನಲ್ಲಿ ಹೋಗಬಹುದು. ರಾತ್ರಿ ಉಳಿಯಬೇಕಾಗಿ ಬಂದರೆ ತಲೆಗೆ ದಿನಕ್ಕೆ 80 ಯೂರೊವರೆಗೆ, ಮೂರು ರಾತ್ರಿಯ ತನಕ ವಸತಿ ಖರ್ಚು ಕೊಡುವ ಹೊಣೆಯೂ ಕಂಪನಿಯದು. ಆದರೆ ಹವಾಮಾನದಿಂದ ಹಡಗು ನಿಂತರೆ ಈ ವಸತಿಯ ಮಾತು ಅನ್ವಯಿಸುವುದಿಲ್ಲ, ಮೆಲ್ಟೆಮಿ ಬೀಸಿದಾಗ ಹೋಟೆಲ್ ಬಿಲ್ ನಿಮ್ಮದೇ. ತಪ್ಪಿದ ವಿಮಾನದ ಟಿಕೆಟ್ಟನ್ನಂತೂ ಫೆರಿಯವರು ಕೊಡುವುದಿಲ್ಲ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆಂದು ಮಾಡಿಸುವ 30,000 ಯೂರೊ ವಿಮೆ ಮುಖ್ಯವಾಗಿ ಆಸ್ಪತ್ರೆ ಖರ್ಚಿನದ್ದು; ವಿಮಾನ ತಪ್ಪಿದ್ದಕ್ಕೂ ಹಣ ಬರುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ. ವೀಸಾ ಅರ್ಜಿಯಲ್ಲಿ ದಿನ ತುಂಬುವಾಗಲೂ ಒಂದೆರಡು ದಿನ ಹೆಚ್ಚಿಗೆ ಕೇಳಿಕೊಳ್ಳಿ.

ಮುನ್ಸೂಚನೆಯನ್ನು ಎರಡು ಮೂರು ದಿನ ಮೊದಲಿನಿಂದಲೇ ನೋಡುತ್ತಿರಿ. ಅದಕ್ಕಿಂತ ಒಳ್ಳೆಯದು, ದಕ್ಕೆಯ ಹತ್ತಿರದ ಟಿಕೆಟ್ ಏಜೆನ್ಸಿಗೆ ಹೋಗಿ ನಾಳಿನ ಹಡಗು ಬಿಡುತ್ತಾರೆಯೇ ಎಂದು ಕೇಳುವುದು. ಅವರು ಇವತ್ತೇ ಹೊರಟುಬಿಡಿ ಅಂದರೆ ಅಲ್ಲೇ ಟಿಕೆಟ್ ಬದಲಾಯಿಸಿಕೊಳ್ಳಿ.