ಸಿಸಿಟಿವಿ ದೆವ್ವಕ್ಕೆ ಸೆಟ್ಟಿಂಗ್ಸ್‌ನಲ್ಲೇ ಮದ್ದಿದೆ

ವಾಟ್ಸಾಪ್‌ನಲ್ಲಿ ಆ ವಿಡಿಯೋ ನಿಮಗೂ ಬಂದಿರುತ್ತದೆ. ನಡುರಾತ್ರಿ, ಕಪ್ಪು-ಬಿಳುಪು ಚಿತ್ರ, ಯಾರದೋ ಮನೆಯ ಅಂಗಳ. ಒಂದು ಬಿಳಿ ಉಂಡೆ ಗೇಟಿನ ಕಡೆಯಿಂದ ತೇಲಿ ಬಂದು, ತುಳಸಿಕಟ್ಟೆ ಮುಂದೆ ಒಂದು ಸುತ್ತು ಹಾಕಿ ಮಾಯವಾಗುತ್ತದೆ. ಕೆಳಗೆ "ಸಿಸಿಟಿವಿಯಲ್ಲಿ ಸೆರೆಯಾದ ಆತ್ಮ" ಅಂತ ಬರಹ. ಕಳಿಸಿದವರು ಇಂಜಿನಿಯರಿಂಗ್ ಓದಿದವರಾಗಿದ್ದರೆ ನನಗೆ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ.

ಆ ಉಂಡೆ ಎಲ್ಲಿಂದ ಬಂತು ಅಂತ ಗೊತ್ತಾದರೆ, ಮನೆ ಕ್ಯಾಮೆರಾದ ಸಾಫ್ಟ್‌ವೇರ್ ಜೋಡಿಸುವ ಕೆಲಸ ಅರ್ಧ ಮುಗಿದ ಹಾಗೆ. ಯಾಕೆಂದರೆ ದೆವ್ವದ ವಿಡಿಯೋಗೂ, ರಾತ್ರಿಯಿಡೀ ಫೋನಿನಲ್ಲಿ ಟಿಂಗ್ ಟಿಂಗ್ ಅನ್ನುವ "ಮೋಷನ್ ಡಿಟೆಕ್ಟೆಡ್" ನೋಟಿಫಿಕೇಶನ್‌ಗೂ ಬೇರು ಒಂದೇ.

ಕತ್ತಲಾಗುವ ಹೊತ್ತಿಗೆ ಕ್ಯಾಮೆರಾದೊಳಗೆ "ಟಕ್" ಅಂತ ಸಣ್ಣ ಸದ್ದು ಕೇಳಿಸುತ್ತದೆ. ಹಗಲಿನಲ್ಲಿ ಇನ್‌ಫ್ರಾರೆಡ್ ಬೆಳಕನ್ನು ತಡೆಯಲು ಸೆನ್ಸರ್ ಮುಂದೆ ಒಂದು ಪುಟ್ಟ ಫಿಲ್ಟರ್ ಇರುತ್ತದಲ್ಲ, ಅದು ಪಕ್ಕಕ್ಕೆ ಸರಿದ ಸದ್ದು. ಆಮೇಲೆ ಲೆನ್ಸಿನ ಅಕ್ಕಪಕ್ಕದ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಅವುಗಳ ಬೆಳಕಿನ ಅಲೆಯುದ್ದ ಸಾಮಾನ್ಯವಾಗಿ 850 ನ್ಯಾನೋಮೀಟರ್, ಕೆಲವು ಮಾಡೆಲ್‌ಗಳಲ್ಲಿ 940. ನಮ್ಮ ಕಣ್ಣಿಗೆ ಅದು ಹೆಚ್ಚುಕಡಿಮೆ ಕತ್ತಲೆ. ಕ್ಯಾಮೆರಾಕ್ಕೆ ಮಾತ್ರ ಅಂಗಳಕ್ಕೆ ಲೈಟ್ ಹಾಕಿದಂತೆ.

ಈಗ ಒಂದು ಚಿಕ್ಕ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು ಪಾಲು. ಕಾಂಪೌಂಡ್ ಗೋಡೆ ಕ್ಯಾಮೆರಾದಿಂದ 5 ಮೀಟರ್ ದೂರ ಇದೆ ಅಂದುಕೊಳ್ಳಿ. ಒಂದು ಪತಂಗ ಲೆನ್ಸಿನಿಂದ 20 ಸೆಂಟಿಮೀಟರ್ ಹತ್ತಿರ ಹಾರುತ್ತಿದೆ. ಗೋಡೆಗಿಂತ ಅದು 25 ಪಟ್ಟು ಹತ್ತಿರ, ಅಂದರೆ ಅದರ ಮೈಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ 25 ಗುಣಿಸು 25, 625 ಪಟ್ಟು! ಗೋಡೆ ಕಾಣಲಿ ಅಂತ ಹದ ಮಾಡಿಕೊಂಡ ಕ್ಯಾಮೆರಾಕ್ಕೆ ಇಷ್ಟು ಬೆಳಕು ತಡೆಯುವುದಿಲ್ಲ, ಪತಂಗ ಪೂರ್ತಿ ಬೆಳ್ಳಗಾಗಿಬಿಡುತ್ತದೆ. ಲೆನ್ಸಿನ ಫೋಕಸ್ ಬೇರೆ ದೂರಕ್ಕೆ ಇಟ್ಟಿರುತ್ತದೆ. ಇಷ್ಟು ಹತ್ತಿರದ್ದು ಮಸುಕಾಗುತ್ತದೆ, ಮಸುಕಾಗುವಾಗ ಅದು ಲೆನ್ಸಿನ ತೂತಿನ ಆಕಾರವನ್ನೇ ತಾಳುತ್ತದೆ. ತೂತು ದುಂಡಗಿದೆ. ಆತ್ಮವೂ ದುಂಡಗೆ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಮಂಜಿನೊಳಗೆ ಹೈ ಬೀಮ್ ಹಾಕಿದರೆ ರಸ್ತೆ ಕಾಣುವ ಬದಲು ಕಣ್ಣೆದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಅಲ್ವಾ? ಅಲ್ಲೂ ಕಾರಣ ಇದೇ, ದೀಪವೂ ನೋಡುವ ಕಣ್ಣೂ ಹತ್ತಿರ ಹತ್ತಿರ ಇವೆ. ಕ್ಯಾಮೆರಾದಲ್ಲಿ ಅವೆರಡೂ ಒಂದೇ ಡಬ್ಬಿಯೊಳಗಿವೆ. ಹಾಗಾಗಿ ಜೇಡರ ಎಳೆ ತೂಗಾಡುವ ಬಿಳಿ ಹಗ್ಗವಾಗುತ್ತದೆ, ತುಂತುರು ಮಳೆ ಬಾಣಗಳಾಗುತ್ತದೆ. ಕತ್ತಲಲ್ಲಿ ಶಟರ್ ನಿಧಾನ ಆಗುವುದರಿಂದ, ಒಂದೇ ಫ್ರೇಮಿನಲ್ಲಿ ಹುಳ ಹಲವು ಸಲ ರೆಕ್ಕೆ ಬಡಿದು ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಅದು ಅಂಚುಗಳಲ್ಲಿ ಗರಿಯಿರುವ ಉದ್ದನೆ ಕೋಲಿನ ಹಾಗೆ ಕಾಣುತ್ತದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಚಿತ್ರಗಳನ್ನು ಹಿಡಿದು, ಕಣ್ಣಿಗೆ ಕಾಣದ ಹೊಸ ಜೀವಿಗಳಿವು, "ರಾಡ್"ಗಳು ಅಂತ ಪ್ರಚಾರ ಮಾಡಿದವರಿದ್ದರು. ನಮ್ಮ ವಾಟ್ಸಾಪ್ ಗ್ರೂಪುಗಳನ್ನು ಮಾತ್ರ ಬೈಯುವುದು ಬೇಡ.

ಹಿಂದಿನ ಗೋಡೆ ಮೈಯೊಳಗಿಂದಲೇ ಕಾಣುವಂಥ ಪಾರದರ್ಶಕ ಮನುಷ್ಯ ನಡೆದುಹೋಗುವ ವಿಡಿಯೋಗಳೂ ಇವೆ. ಇದು ಕ್ಯಾಮೆರಾದೊಳಗಿನ ಸಾಫ್ಟ್‌ವೇರಿನ ಕೈಚಳಕ. ಮಬ್ಬು ಬೆಳಕಿನಲ್ಲಿ ಚಿತ್ರದ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ ಬರುತ್ತವೆ. ಅವನ್ನು ಅಳಿಸಲು ಕ್ಯಾಮೆರಾ ಹಿಂದಿನ ಕೆಲವು ಫ್ರೇಮುಗಳನ್ನು ಈಗಿನದರ ಜೊತೆ ಬೆರೆಸುತ್ತದೆ. ಗೋಡೆ ಎಲ್ಲ ಫ್ರೇಮಿನಲ್ಲೂ ಅಲ್ಲೇ ಇದೆ, ಅದು ಗಟ್ಟಿಯಾಗಿ ನಿಲ್ಲುತ್ತದೆ. ನಡೆಯುವ ಮನುಷ್ಯ ಒಂದೊಂದರಲ್ಲಿ ಒಂದೊಂದು ಕಡೆ ಇದ್ದಾನೆ, ಬೆರೆಸಿದಾಗ ತೆಳ್ಳಗಾಗುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು "3ಡಿ ಡಿಎನ್ಆರ್". ಅದನ್ನು ಸ್ವಲ್ಪ ಇಳಿಸಿ, ದೆವ್ವಕ್ಕೆ ಮೈ ಬರುತ್ತದೆ.

ಬಿಳಿ ಉಂಡೆಗೆ ಮದ್ದು ಇನ್ನೂ ಸುಲಭ. ಕ್ಯಾಮೆರಾದ ಸ್ವಂತ ಇನ್‌ಫ್ರಾರೆಡ್ ದೀಪ ಆರಿಸಿ, ಬೇರೆ ಒಂದು ಇನ್‌ಫ್ರಾರೆಡ್ ದೀಪವನ್ನು ಒಂದೆರಡು ಮೀಟರ್ ಪಕ್ಕದಲ್ಲಿ ಹಾಕಿ. ಲೆನ್ಸಿನ ಮುಂದೆ ಹುಳ ಹಾರಿದರೂ ಅದರ ಮೇಲೆ ಅಷ್ಟೊಂದು ಬೆಳಕು ಬೀಳುವುದಿಲ್ಲ.

ಈಗ ಸಾಫ್ಟ್‌ವೇರ್ ಕಡೆ ಬರೋಣ. ಕ್ಯಾಮೆರಾಕ್ಕೆ ಕಳ್ಳನೂ ಗೊತ್ತಿಲ್ಲ, ಬೆಕ್ಕೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಒಂದೊಂದು ಚುಕ್ಕೆಗೂ 0ಯಿಂದ 255ರವರೆಗೆ ಒಂದು ಅಂಕ, 0 ಅಂದರೆ ಕಪ್ಪು, 255 ಅಂದರೆ ಬಿಳುಪು. 1920 ಗುಣಿಸು 1080 ಚುಕ್ಕೆ ಅಂದರೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಅಂಕಗಳು, ಸೆಕೆಂಡಿಗೆ ಹಲವು ಸಲ. ಮೋಷನ್ ಹುಡುಕುವ ಸಾಫ್ಟ್‌ವೇರ್ ಮೊದಲು "ಖಾಲಿ ಅಂಗಳ ಹೀಗಿರುತ್ತದೆ" ಅಂತ ಹಿಂದಿನ ಫ್ರೇಮುಗಳ ಸರಾಸರಿ ಒಂದನ್ನು ಇಟ್ಟುಕೊಳ್ಳುತ್ತದೆ. ಹೊಸ ಫ್ರೇಮ್ ಬಂದಾಗ ಅದರಿಂದ ಈ ಸರಾಸರಿಯನ್ನು ಕಳೆಯುತ್ತದೆ. ಒಂದು ಚುಕ್ಕೆಯ ವ್ಯತ್ಯಾಸ, ಉದಾಹರಣೆಗೆ, 30ಕ್ಕಿಂತ ಹೆಚ್ಚಿದ್ದರೆ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಗುರುತು ಬಿದ್ದ ಚುಕ್ಕೆಗಳು ಅಕ್ಕಪಕ್ಕ ಸೇರಿ ಒಂದು ಮಟ್ಟಕ್ಕಿಂತ ದೊಡ್ಡ ತೇಪೆಯಾದರೆ "ಇಲ್ಲೇನೋ ಅಲುಗಾಡಿತು" ಅನ್ನುತ್ತದೆ. ಇಷ್ಟೇ ವಿಷಯ. ತೆಂಗಿನ ಗರಿ ಅಲುಗಿದರೂ ಅಂಕ ಬದಲಾಗುತ್ತದೆ, ಮೋಡ ಸರಿದರೂ ಬದಲಾಗುತ್ತದೆ, ಒಣಹಾಕಿದ ಪಂಚೆ ಗಾಳಿಗೆ ಹಾರಿದರೂ ಬದಲಾಗುತ್ತದೆ. ಚಿತ್ರದ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದಲ್ಲ, ಅದು ಸೆಕೆಂಡಿಗೊಮ್ಮೆ ಬದಲಾಗುತ್ತದೆ! ಅದರ ಮೇಲೆ ಮೋಷನ್ ಮಾಸ್ಕ್, ಅಂದರೆ "ಈ ಜಾಗ ಲೆಕ್ಕಕ್ಕಿಲ್ಲ" ಅನ್ನುವ ಗೆರೆ, ಎಳೆಯದೆ ಎಷ್ಟೋ ಜನ ಸೆನ್ಸಿಟಿವಿಟಿ ಜೊತೆ ಸುಮ್ನೆ ಗುದ್ದಾಡುತ್ತಾರೆ.

ಮನೆಯ ಬಾಗಿಲಿನ ಭಯ ಹಳೆಯದು. 1990ರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದು ಹಲವರಿಗೆ ನೆನಪಿದೆ. ರಾತ್ರಿ ಹೆಣ್ಣು ದೆವ್ವವೊಂದು ಬಂದು ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸಾವು, ಬರಹ ಓದಿದರೆ ವಾಪಸ್ ಹೋಗಿ ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಓದು ಬರಹ ಕಲಿತ ದೆವ್ವ, ಜ್ಞಾಪಕಶಕ್ತಿ ಮಾತ್ರ ಕಮ್ಮಿ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವವರ ಭಯ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅನ್ನುವ ನರ್ಸ್‌ಗೂ ಇತ್ತು. ಅವರೂ ಗಂಡ ಆಲ್ಬರ್ಟೂ ಬೇರೆ ಬೇರೆ ಹೊತ್ತಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಪೊಲೀಸರು ಕರೆದ ಕೂಡಲೇ ಬರುತ್ತಿರಲಿಲ್ಲ. 1966ರಲ್ಲಿ ಇಬ್ಬರೂ ಸೇರಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಇಣುಕು ಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಒಳಕೋಣೆಯಲ್ಲಿ ಟಿವಿ ಪರದೆ, ಹೊರಗಿನವರ ಜೊತೆ ಮಾತಾಡಲು ಮೈಕು, ಕೂತಲ್ಲಿಂದಲೇ ಚಿಲಕ ತೆಗೆಯುವ ಬಟನ್. ಇವತ್ತು ಆಫರ್‌ನಲ್ಲಿ ಮಾರುವ ವಿಡಿಯೋ ಡೋರ್‌ಬೆಲ್‌ನಲ್ಲಿ ಇದಕ್ಕಿಂತ ಜಾಸ್ತಿ ಏನಿದೆ ಹೇಳಿ?

ಜಾಸ್ತಿ ಇರುವುದು ಒಂದೇ, ಪರದೆ ಮುಂದೆ ಮನುಷ್ಯ ಕೂತಿರಬೇಕಿಲ್ಲ. ಕ್ಯಾಮೆರಾದ ಚಿತ್ರ ನೋಡುತ್ತಾ ಕೂರುವ ಆ ಕೆಲಸಕ್ಕೆ ನನಗೆ ಇಷ್ಟವಾದದ್ದು ಫ್ರಿಗೇಟ್ ಅನ್ನುವ ಉಚಿತ ಸಾಫ್ಟ್‌ವೇರ್, ಜೊತೆಗೆ ಮನೆಯ ಲೈಟು, ಸೆನ್ಸರುಗಳನ್ನು ನಿಯಮದಂತೆ ನಡೆಸುವ, 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್. ಇವನ್ನು ಓಡಿಸುವ ಡಾಕರ್ ಹಾಕುವುದು, ಕ್ಯಾಮೆರಾದ ವಿಡಿಯೋ ಸಿಗುವ ಆರ್‌ಟಿಎಸ್‌ಪಿ ವಿಳಾಸ ಹುಡುಕುವುದು ಇದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ, ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗುತ್ತದೆ. ಕೊಳ್ಳುವಾಗ ಆರ್‌ಟಿಎಸ್‌ಪಿ ಅಥವಾ ಬೇರೆ ಬೇರೆ ಕಂಪನಿಯ ಸಾಧನಗಳು ಮಾತಾಡಿಕೊಳ್ಳುವ ಆನ್ವಿಫ್ ಪದ್ಧತಿ ಇದೆಯಾ ಅಂತ ಮಾತ್ರ ನೋಡಿ. ಇಲ್ಲದಿದ್ದರೆ ಆ ಕ್ಯಾಮೆರಾ ತನ್ನ ಕಂಪನಿಯ ಆಪ್ ಬಿಟ್ಟು ಬೇರೆ ಯಾರ ಹತ್ತಿರವೂ ಮಾತಾಡುವುದು ಕಷ್ಟ.

ಫ್ರಿಗೇಟ್‌ನ ಜಾಣತನ ಇರುವುದು ಎರಡು ಹಂತದಲ್ಲಿ. ಮೇಲೆ ಹೇಳಿದ ಕಳೆಯುವ ಲೆಕ್ಕ ಅಗ್ಗ, ಹಳೇ ಕಂಪ್ಯೂಟರೂ ಮಾಡುತ್ತದೆ. ಅದನ್ನು ಕ್ಯಾಮೆರಾ ಕಳಿಸುವ ಚಿಕ್ಕ ಸ್ಟ್ರೀಮಿನ, ಅಂದರೆ ಕಮ್ಮಿ ಚುಕ್ಕೆಗಳ ವಿಡಿಯೋದ ಮೇಲೆ, ಸೆಕೆಂಡಿಗೆ 5 ಫ್ರೇಮಿನಂತೆ ಮಾಡಿಸಿದರೆ ಸಾಕು. ದೊಡ್ಡ ಸ್ಟ್ರೀಮ್ ರೆಕಾರ್ಡಿಂಗ್‌ಗೆ ಇರಲಿ. ಎಲ್ಲಿ ಅಲುಗಾಡಿತೋ ಆ ಜಾಗವನ್ನಷ್ಟೇ ಕತ್ತರಿಸಿ ಎರಡನೇ ಹಂತಕ್ಕೆ, ಅಂದರೆ ಚಿತ್ರಗಳನ್ನು ನೋಡಿ ನೋಡಿ ವಸ್ತು ಗುರುತಿಸಲು ಕಲಿತ ನ್ಯೂರಲ್ ನೆಟ್‌ವರ್ಕಿಗೆ ಕೊಡುತ್ತದೆ. ಅದು "ಮನುಷ್ಯ, ನೂರಕ್ಕೆ 82" ಅಂತಲೋ "ನಾಯಿ, ನೂರಕ್ಕೆ 61" ಅಂತಲೋ ಅಂಕ ಕೊಡುತ್ತದೆ. ಪತಂಗದ ಉಂಡೆ ಮೊದಲ ಹಂತ ಪಾಸಾಗಿ ಎರಡನೆಯದರಲ್ಲಿ ಫೇಲ್ ಆಗುತ್ತದೆ. ನಿಮಗೆ ನಿದ್ದೆ ಬರುವುದು ಇದರಿಂದ.

ಈ ನೆಟ್‌ವರ್ಕುಗಳಲ್ಲಿ ಬಹಳಷ್ಟು ಕಲಿತಿರುವುದು ಕೊಕೊ ಅನ್ನುವ ಚಿತ್ರ ಸಂಗ್ರಹದಿಂದ. ಅದರಲ್ಲಿ ಗುರುತು ಮಾಡಿದ ವಸ್ತುಗಳು 80 ಬಗೆ. ಹಸು ಇದೆ, ಆನೆ ಇದೆ, ಕೊಡೆ ಇದೆ, ಜಿರಾಫೆಯೂ ಇದೆ. ಆಟೋರಿಕ್ಷಾ ಇಲ್ಲ! ಹಾಗಾಗಿ ಮನೆ ಮುಂದೆ ಆಟೋ ನಿಂತರೆ ಕಾರು ಅಂತಲೋ ಟ್ರಕ್ ಅಂತಲೋ ಬಂದರೆ ಗಾಬರಿ ಬೇಡ. ಬಗ್ಗಿ ರಂಗೋಲಿ ಹಾಕುವವರಿಗೆ ನಿಂತವರಿಗಿಂತ ಕಮ್ಮಿ ಅಂಕ ಬರಬಹುದು. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮನುಷ್ಯ ನಾವು ಚಿತ್ರದ ಮೇಲೆ ಗೆರೆ ಎಳೆದು ಗುರುತಿಸಿದ ಯಾವ ಜೋನ್‌ನಲ್ಲಿದ್ದಾನೆ ಅಂತ ಫ್ರಿಗೇಟ್ ತೀರ್ಮಾನಿಸುವುದು ಅವನ ಸುತ್ತ ಎಳೆದ ಚೌಕದ ಕೆಳಗೆರೆಯ ನಡುಬಿಂದುವಿನಿಂದ, ಅಂದರೆ ಹೆಚ್ಚುಕಡಿಮೆ ಪಾದದಿಂದ. ಆದ್ದರಿಂದ ಜೋನ್ ಎಳೆಯುವಾಗ ಗೇಟಿನ ಮೇಲೆ ಎಳೆಯಬೇಡಿ, ಗೇಟಿನ ಒಳಗಿನ ನೆಲದ ಮೇಲೆ ಎಳೆಯಿರಿ. ರಸ್ತೆಯಲ್ಲಿ ಹೋಗುವವರ ತಲೆ ಕಾಂಪೌಂಡ್ ಮೇಲೆ ಕಂಡರೂ ಆಗ ಫೋನ್ ಕಿರುಚುವುದಿಲ್ಲ.

ಗುರುತು ಸಿಕ್ಕ ಮೇಲೆ ಸುದ್ದಿ ಬಲ್ಬಿಗೆ ತಲುಪಬೇಕಲ್ಲ, ಅದಕ್ಕೆ ಎಂಕ್ಯೂಟಿಟಿ ಅನ್ನುವ, ಸಾಧನಗಳು ಚಿಕ್ಕ ಸಂದೇಶ ಕಳಿಸಿಕೊಳ್ಳುವ ಪದ್ಧತಿ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಮಾಡಿದ್ದು ತೈಲದ ಪೈಪ್‌ಲೈನ್‌ಗಳಿಗಾಗಿ. ಮರುಭೂಮಿಯ ಪೈಪಿನ ಅಳತೆಗಳನ್ನು ದುಬಾರಿ ಉಪಗ್ರಹ ಸಂಪರ್ಕದಲ್ಲಿ ಕಳಿಸಬೇಕಿತ್ತು, ಹಾಗಾಗಿ ಸಂದೇಶವನ್ನು ಎಷ್ಟಾಗುತ್ತೋ ಅಷ್ಟು ಚಿಕ್ಕದು ಮಾಡಿದರು. ಅದೇ ಜಿಪುಣತನ ಈಗ ನಮ್ಮ ಪೋರ್ಟಿಕೋದ ಲೈಟ್ ಹಾಕುತ್ತದೆ.

ಇಲ್ಲೊಂದು ಗುಂಡಿ ಇದೆ, ಹುಷಾರು. "ಮೋಷನ್ ಆದರೆ ಲೈಟ್ ಹಾಕು" ಅಂತ ಬರೆದಿರಿ ಅನ್ನಿ. ಹುಳ ಹಾರಿತು, ಲೈಟ್ ಹತ್ತಿತು. ಬೆಳಕು ಬಂತು ಅಂತ ಕ್ಯಾಮೆರಾ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ತಿರುಗಿತು, ಇಡೀ ಚಿತ್ರದ ಅಂಕಗಳು ಬದಲಾದವು, ಅದೂ ಮೋಷನ್ನೇ. ಲೈಟ್ ಆರಿದಾಗ ಮತ್ತೆ ಬದಲಾಯಿತು, ಮತ್ತೆ ಲೈಟ್ ಹತ್ತಿತು. ಬೆಳಗಿನವರೆಗೂ ಪೋರ್ಟಿಕೋ ಲೈಟ್ ತಾನೇ ಹತ್ತಿ ಆರುತ್ತಿದ್ದರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ ಅಂತ ಹೇಳಬೇಕಾ? ಫ್ರಿಗೇಟ್‌ನಲ್ಲಿ ಇದಕ್ಕಾಗಿ ಮಿಂಚಿನ ಮಿತಿ ಅಂತ ಒಂದು ಸೆಟ್ಟಿಂಗ್ ಇದೆ. ಮಾಮೂಲಿಯಾಗಿ ಅದು 0.8, ಅಂದರೆ ಚಿತ್ರದ ಶೇಕಡಾ 80ಕ್ಕಿಂತ ಜಾಸ್ತಿ ಒಮ್ಮೆಲೇ ಬದಲಾದರೆ ಅದರ ಬೆನ್ನು ಹತ್ತದೆ ಸರಾಸರಿಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯದು ಲೈಟಿನ ನಿಯಮಕ್ಕೆ ಮೋಷನ್ ಬದಲು ಮನುಷ್ಯನನ್ನೇ ಇಡುವುದು. ರಾತ್ರಿ 11ರಿಂದ 5ರೊಳಗೆ, ಗೇಟಿನ ಒಳ ಜೋನ್‌ನಲ್ಲಿ ಮನುಷ್ಯ, ಮನೆಯವರ ಫೋನುಗಳೆಲ್ಲ ಆಗಲೇ ಮನೆಯಲ್ಲಿವೆ. ಈ ಮೂರೂ ಸೇರಿದರೆ ಮಾತ್ರ ಲೈಟ್ ಹತ್ತಲಿ, ಫೋನ್ ಕೂಗಲಿ.

ಬೇಕಿದ್ದರೆ ಒಂದು ಪಿಐಆರ್ ಸೆನ್ಸರ್ ಸೇರಿಸಿ. ಅದು ನೋಡುವುದು ಮೈಯ ಬಿಸಿ ಹೊರಸೂಸುವ ಇನ್‌ಫ್ರಾರೆಡ್, ಸುಮಾರು 10 ಮೈಕ್ರೋಮೀಟರ್ ಅಲೆಯುದ್ದ. ಎಲ್‌ಇಡಿಯ 850 ನ್ಯಾನೋಮೀಟರಿಗೂ ಇದಕ್ಕೂ ಸಂಬಂಧವೇ ಇಲ್ಲ. ಪತಂಗ ಅದಕ್ಕೆ ಕಾಣುವುದೇ ಕಷ್ಟ. ಎರಡೂ ಸಾಕ್ಷಿ ಒಪ್ಪಿದರೆ ಸುಳ್ಳು ಅಲಾರಂ ಬಹಳ ಕಮ್ಮಿ.

ಮಗ ಅಥವಾ ಮಗಳು ಅಮೆರಿಕದಲ್ಲಿದ್ದು ಮೈಸೂರಿನ ಅಪ್ಪ ಅಮ್ಮನ ಮನೆಯ ಕ್ಯಾಮೆರಾ ಅಲ್ಲಿಂದಲೇ ನೋಡಬೇಕು ಅನ್ನುವುದು ಈಗ ಮಾಮೂಲಿ. ಇದಕ್ಕೆ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನ ಇಂಟರ್‌ನೆಟ್‌ನಿಂದ ಒಳಬರುವ ಕಿಂಡಿ, ತೆರೆಯಬೇಡಿ, ದಯವಿಟ್ಟು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು ಸೈನ್ಯ ಕಟ್ಟಿತು. ಅಕ್ಟೋಬರ್ 21ರಂದು ಆ ಸೈನ್ಯ ವೆಬ್ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವರಿಗೆ ಸಿಗಲಿಲ್ಲ. ಹೇಗಿದ್ದರೂ ನಮ್ಮಲ್ಲಿ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಪೋರ್ಟ್ ತೆರೆದರೂ ಕೆಲಸ ಆಗುವುದಿಲ್ಲ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ (ಖಾಸಗಿ ಸುರಂಗ) ಹಾಕಿ, ಅಮೆರಿಕದ ಫೋನ್ ಮನೆಯ ನೆಟ್‌ವರ್ಕಿನಲ್ಲೇ ಇದ್ದ ಹಾಗಾಗುತ್ತದೆ.

ಹಾರ್ಡ್ ಡಿಸ್ಕ್ ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಸೆಕೆಂಡಿಗೆ 4 ಮೆಗಾಬಿಟ್‌ನ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಆರು ದಿನವೂ ಪೂರ್ತಿ ಬಾಳುವುದಿಲ್ಲ. ಮನುಷ್ಯ ಕಂಡ ತುಣುಕುಗಳನ್ನು ತಿಂಗಳು ಇಟ್ಟುಕೊಂಡು, ಉಳಿದದ್ದನ್ನು ಎರಡು ಮೂರು ದಿನಕ್ಕೆ ಅಳಿಸಲು ಬಿಡಿ. ರೌಟರ್‌ಗೂ ಫೈಬರ್ ಡಬ್ಬಿಗೂ ಒಂದು ಚಿಕ್ಕ ಯುಪಿಎಸ್ ಹಾಕುವುದು ಮರೆಯಬೇಡಿ, ಬರೀ ಕ್ಯಾಮೆರಾಗೆ ಮಾತ್ರ ಇನ್ವರ್ಟರ್ ಕೊಟ್ಟರೆ ಕರೆಂಟ್ ಹೋದಾಗ ಅದು ನೋಡಿದ್ದನ್ನು ಕಳಿಸಲು ದಾರಿಯೇ ಇರುವುದಿಲ್ಲ.