ವೀಲ್‌ಚೇರ್‌ಗೆ ಮನೆ ಒಗ್ಗಿಸಬೇಕು, ಹಣ ಕಡಿಮೆ: ಮೊದಲು ಯಾವ ಕೆಲಸ?

ಪ್ರಶ್ನೆ: ಅಮ್ಮ ಇನ್ನು ಮುಂದೆ ವೀಲ್‌ಚೇರ್‌ನಲ್ಲೇ ಇರಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ನಮ್ಮದು ಹಳೆಯ ಮನೆ, ಬಾಗಿಲುಗಳು ಕಿರಿದು, ಮುಂದುಗಡೆ ಎರಡು ಮೆಟ್ಟಿಲು. ಒಟ್ಟುಮಾಡಿರುವ ಹಣ ರ‍್ಯಾಂಪ್ ಕಟ್ಟಿಸಿದರೆ ಮುಗಿದುಹೋಗುತ್ತದೆ. ಅದನ್ನೇ ಮೊದಲು ಮಾಡಿಸಲೇ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ವೀಲ್‌ಚೇರ್ ಎಂದ ಕೂಡಲೇ ಎಲ್ಲರ ತಲೆಗೂ ಬರುವುದು ರ‍್ಯಾಂಪ್. ಆದರೆ ಅಮ್ಮ ಮನೆಯಿಂದ ಹೊರಗೆ ಹೋಗುವುದು ಎಷ್ಟು ಸಲ, ಬಚ್ಚಲಿಗೆ ಹೋಗುವುದು ಎಷ್ಟು ಸಲ ಎಂದು ಲೆಕ್ಕ ಹಾಕಿ ನೋಡಿ. ಬೀಳುವ ಅಪಾಯವೂ, ನೋಡಿಕೊಳ್ಳುವವರು ಬೆನ್ನು ಹಿಡಿಸಿಕೊಳ್ಳುವ ಅಪಾಯವೂ ಬಚ್ಚಲಲ್ಲಿ ಹೆಚ್ಚು. ಹಾಗಾಗಿ ಇಡೀ ಮನೆಯನ್ನು ತಲೆಯಿಂದ ತೆಗೆದುಹಾಕಿ. ಹಾಸಿಗೆಯಿಂದ ಬಚ್ಚಲಿಗೆ, ಅಲ್ಲಿಂದ ಅವರು ಹಗಲು ಕೂರುವ ಜಾಗಕ್ಕೆ ಒಂದು ದಾರಿ ಸಲೀಸಾಗಲಿ. ಹಣವೆಲ್ಲ ಮೊದಲು ಆ ದಾರಿಗೇ ಹೋಗಬೇಕು.

ಇನ್ನೊಂದು ಮಾತು. ಪಾರ್ಶ್ವವಾಯುವಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಈ ಸ್ಥಿತಿ ಬಂದಿದ್ದರೆ, ಮೊದಲ ಕೆಲವು ತಿಂಗಳಲ್ಲಿ ಅವರ ಶಕ್ತಿ ಬದಲಾಗುತ್ತಲೇ ಇರುತ್ತದೆ. ಇವತ್ತು ಬೇಕೆನಿಸಿದ್ದು ಆಮೇಲೆ ಬೇಡವಾಗಬಹುದು. ಗೋಡೆ ಒಡೆಯುವ ಕೆಲಸ ಏನಿದ್ದರೂ ಆ ತಿಂಗಳುಗಳು ಕಳೆದ ಮೇಲೆ ಇರಲಿ. ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ತಜ್ಞರು, ಒಬ್ಬರನ್ನು ಒಂದು ಸಲ ಮನೆಗೆ ಕರೆಸಿ ತೋರಿಸುವುದು ಸಾಧ್ಯವಾದರೆ, ಅವರ ಶುಲ್ಕ ದಂಡವಲ್ಲ. ಒಂದು ಗೋಡೆಯನ್ನು ಸುಮ್ಮನೆ ಒಡೆಯುವುದು ತಪ್ಪಿದರೂ ಅದು ವಸೂಲಾಯಿತು.

ಈಗ ಅಳತೆ ಪಟ್ಟಿ ಕೈಗೆ ತೆಗೆದುಕೊಳ್ಳಿ. ಕುರ್ಚಿಯ ಅಗಲ ಅಳೆಯುವಾಗ ಸೀಟನ್ನಲ್ಲ, ಚಕ್ರದ ಹೊರಗೆ ಕೈಯಲ್ಲಿ ಹಿಡಿದು ತಿರುಗಿಸುವ ಬಳೆಯಿಂದ ಆಚೆ ಚಕ್ರದ ಬಳೆವರೆಗೆ ಅಳೆಯಿರಿ. ಸಾಮಾನ್ಯ ಕುರ್ಚಿ 24ರಿಂದ 27 ಇಂಚು ಇರುತ್ತದೆ. ಬಾಗಿಲಿನ ಅಗಲ ಎಂದರೆ ಚೌಕಟ್ಟಿನ ಅಗಲ ಅಲ್ಲ. ಬಾಗಿಲನ್ನು ಪೂರ್ತಿ ತೆರೆದು ನಿಲ್ಲಿಸಿ, ಅದರ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಉಳಿಯುವ ಜಾಗ. ಅದು 32 ಇಂಚು ಇದ್ದರೆ ಆರಾಮ. ಅದಕ್ಕಿಂತ ಕಡಿಮೆಯಿದ್ದರೂ ಕುರ್ಚಿ ನೇರವಾಗಿ ಬರುವುದಾದರೆ ದಾಟಬಹುದು. ಕಿರಿದಾದ ಓಣಿಯಿಂದ ತಿರುಗಿ ಒಳಗೆ ನುಗ್ಗಬೇಕಾದರೆ ಮಾತ್ರ ಕಷ್ಟ, ಬೆರಳ ಗೆಣ್ಣು ಕೆತ್ತಿಹೋಗುತ್ತದೆ.

ಒಂದೆರಡು ಇಂಚು ಸಾಲದೆ ಬಂದರೆ ಗಾರೆಯವರನ್ನು ಕರೆಯುವ ಮೊದಲು ಬಡಗಿಯನ್ನು ಕರೆಯಿರಿ. ಬಾಗಿಲನ್ನು ತೆಗೆದು ಪರದೆ ಹಾಕುವುದು ಎಲ್ಲಕ್ಕಿಂತ ಅಗ್ಗ. ಬಾಗಿಲು ಬೇಕೇ ಬೇಕು ಎನ್ನುವ ಕಡೆ, ತೆರೆದಾಗ ಅದು ಪೂರ್ತಿಯಾಗಿ ಚೌಕಟ್ಟಿನ ಆಚೆಗೆ ಸರಿಯುವಂಥ ಬಾಗಿದ ಹಿಂಜ್ ಸಿಗುತ್ತದೆ. ಬಾಗಿಲಿನ ದಪ್ಪದಷ್ಟು ಜಾಗ, ಅಂದರೆ ಸುಮಾರು ಒಂದೂವರೆ ಇಂಚು, ಸುಮ್ಮನೆ ದಕ್ಕುತ್ತದೆ. ಗೋಡೆ ಒಡೆದು ಬಾಗಿಲು ಅಗಲ ಮಾಡುವುದು ಕಡೆಯ ಮಾತು. ಆ ಗೋಡೆ ಮೇಲಿನ ಭಾರ ಹೊತ್ತಿದೆಯೇ ಎಂದು ತಿಳಿದವರು ನೋಡದೆ ಸುತ್ತಿಗೆ ಎತ್ತಬೇಡಿ.

ಹೊಸ್ತಿಲು ಅರ್ಧ ಇಂಚಿಗಿಂತ ಎತ್ತರವಿದ್ದರೆ ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಂಡು, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಿತ್ತುಹಾಕಿ, ಇಲ್ಲವೇ ಎರಡೂ ಕಡೆ ಇಳಿಜಾರಾಗಿ ಕೆತ್ತಿದ ಮರದ ಪಟ್ಟಿ ಕೂರಿಸಿ. ನೆಲದ ಮೇಲಿನ ಜಮಖಾನ, ಕಾಲೊರೆಸು ಎಲ್ಲ ಎತ್ತಿಡಿ.

ಇನ್ನು ಬಚ್ಚಲು. ಹೊಸ ಟೈಲ್ಸು, ಹೊಸ ಕಮೋಡು ಎಂದು ಯೋಚಿಸುವ ಮುಂಚೆ ಚಕ್ರವಿರುವ ಕಮೋಡ್ ಕುರ್ಚಿಯ ಬಗ್ಗೆ ವಿಚಾರಿಸಿ. ಮಧ್ಯದಲ್ಲಿ ತೆರವಿರುವ, ನೀರು ತಾಗಿದರೂ ಕೆಡದ, ಸಣ್ಣ ಚಕ್ರದ ಕುರ್ಚಿ ಅದು. ಹಾಸಿಗೆಯ ಪಕ್ಕದಲ್ಲೇ ಅದಕ್ಕೆ ಕೂರಿಸಿ, ತಳ್ಳಿಕೊಂಡು ಹೋಗಿ ನೇರ ಕಮೋಡಿನ ಮೇಲೆ ನಿಲ್ಲಿಸಬಹುದು. ಅದರಲ್ಲೇ ಸ್ನಾನವೂ ಆಗುತ್ತದೆ. ದೊಡ್ಡ ಚಕ್ರಗಳಿಲ್ಲದ್ದರಿಂದ ಮಾಮೂಲಿ ವೀಲ್‌ಚೇರ್ ನುಗ್ಗದ ಬಾಗಿಲಲ್ಲೂ ಇದು ನುಗ್ಗುವುದುಂಟು. ಇಕ್ಕಟ್ಟಾದ ಬಚ್ಚಲಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಎತ್ತಿ ಕೂರಿಸುವ ಅಪಾಯದ ಕೆಲಸವೇ ತಪ್ಪಿತಲ್ಲ! ನನ್ನನ್ನು ಕೇಳಿದರೆ, ಕಡಿಮೆ ಹಣದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಬೇರೊಂದಿಲ್ಲ. ಕೊಳ್ಳುವ ಮೊದಲು ನಿಮ್ಮ ಕಮೋಡಿನ ಎತ್ತರ ಅಳೆದುಕೊಂಡು ಹೋಗಿ. ಕುರ್ಚಿಯ ಅಡ್ಡಪಟ್ಟಿ ಕಮೋಡಿಗೆ ತಾಗಬಾರದು, ನಾಲ್ಕು ಚಕ್ರಕ್ಕೂ ಬ್ರೇಕ್ ಇರಬೇಕು.

ಅಮ್ಮ ತಾವಾಗಿಯೇ ಕಮೋಡಿಗೆ ಸರಿದು ಕೂರಬಲ್ಲರಾದರೆ, ಅದರ ಸೀಟು ವೀಲ್‌ಚೇರ್ ಸೀಟಿನ ಮಟ್ಟಕ್ಕೇ ಇರಲಿ, ಹತ್ತಿರಹತ್ತಿರ 17ರಿಂದ 19 ಇಂಚು. ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ. ಕಮೋಡನ್ನೇ ಬದಲಿಸಬೇಕಿಲ್ಲ. ಪಕ್ಕದ ಗೋಡೆಗೆ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ ಹಿಡಿಕಂಬಿ ಬೇಕು. ಯಾವ ಕೈಯಲ್ಲಿ ಬಲವಿದೆಯೋ ಆ ಕಡೆಗೆ. ಟವೆಲ್ ಹಾಕುವ ಕಂಬಿಯನ್ನೇ ಹಿಡಿದುಕೊಂಡರಾಯಿತು ಎಂದು ಮಾತ್ರ ಬಿಡಬೇಡಿ, ಅದು ಒದ್ದೆ ಬಟ್ಟೆಯ ಭಾರಕ್ಕೆ ಮಾಡಿದ್ದು. ಹಿಡಿಕಂಬಿ ಸುಮಾರು 113 ಕಿಲೋ ತೂಕ ತಡೆಯಬೇಕು. ಕಂಬಿಗಿಂತ ಅದನ್ನು ಕೂರಿಸುವ ಬೋಲ್ಟೇ ಮುಖ್ಯ, ಗಟ್ಟಿ ಗೋಡೆಗೆ ಆಳವಾಗಿ ಇಳಿದಿರಬೇಕು. ಗಾಳಿಯೊತ್ತಡದಲ್ಲಿ ಟೈಲ್ಸಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ದೇಹದ ಭಾರಕ್ಕೆ ನಂಬಲೇಬೇಡಿ.

ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ತಿರುಗಿಸಿ ಹೊರಕ್ಕೆ ಮಾಡಿಸಿ. ಒಳಗೆ ಜಾಗ ಉಳಿಯುತ್ತದೆ ಎನ್ನುವುದು ಒಂದು ಕಾರಣ. ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಒಳಗೆ ಹೋಗಲಾಗದು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಕಾಲಿನ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬಿಸಿನೀರಿನ ಬಗ್ಗೆಯೂ ಎಚ್ಚರ ಬೇಕು, ಸುಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ. ಗೀಸರನ್ನು 49 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಟ್ಟು, ನೀರನ್ನು ಬೆರೆಸಿ ಕೈಯಲ್ಲಿ ಮುಟ್ಟಿ ನೋಡಿಯೇ ಸುರಿಯಿರಿ.

ಮಲಗುವ ಕೋಣೆಯ ಕೆಲಸಕ್ಕೆ ಹಣವೇ ಬೇಡ. ಮಂಚವೂ ವೀಲ್‌ಚೇರ್ ಸೀಟೂ ಒಂದೇ ಮಟ್ಟದಲ್ಲಿರಲಿ. ತಗ್ಗಾದರೆ ಮಂಚದ ಕಾಲಿನ ಕೆಳಗೆ ಅಲುಗಾಡದ ಮರದ ದಿಮ್ಮಿ ಇಡಿ, ಎತ್ತರವಾದರೆ ಕಾಲು ಕುಯ್ಯಿಸಿ. ಕುರ್ಚಿ ಪೂರ್ತಿ ಸುತ್ತು ತಿರುಗಲು 5 ಅಡಿ ಅಡ್ಡಳತೆಯ ವೃತ್ತ ಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅದರೊಳಗೆ ಬರುವ ಸಾಮಾನನ್ನೆಲ್ಲ ಹೊರಗೆ ಸಾಗಿಸಿ. ಬೀರು ಹೊರಗೆ ಹೋಗುವುದಕ್ಕೆ ಮನೆಯಲ್ಲಿ ಒಂದಿಷ್ಟು ಗೊಣಗಾಟ ಬರುತ್ತದೆ, ಬರಲಿ.

ಆಮೇಲೆ ರ‍್ಯಾಂಪ್. ಇದರ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಕನಿಷ್ಠ ಒಂದು ಅಡಿ ಉದ್ದ. ನಿಮ್ಮ ಎರಡು ಮೆಟ್ಟಿಲು ಸೇರಿ 14 ಇಂಚು ಇದ್ದರೆ ರ‍್ಯಾಂಪ್ 14 ಅಡಿ ಬೇಕು. ಅಗಲ 3 ಅಡಿ, ಮೇಲೆ ಬಾಗಿಲ ಮುಂದೆ ಕುರ್ಚಿ ನಿಂತು ತಿರುಗಲು 5 ಅಡಿ ಚೌಕದ ಸಮತಟ್ಟು ಜಾಗ. ಜಾಗ ಸಾಲದು ಎಂದು 5 ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳನ್ನು ಎಲ್ಲೆಲ್ಲೂ ನೋಡುತ್ತೇವೆ. ಅವು ಇರುವುದು ಫೋಟೋಕ್ಕೆ. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಕೈಮೀರಿ ಓಡುತ್ತದೆ. ಅಷ್ಟು ಉದ್ದದ ಜಾಗವಿಲ್ಲದಿದ್ದರೆ ಹಿಂದಿನ ಬಾಗಿಲೋ ಪಕ್ಕದ ಬಾಗಿಲೋ ನೆಲಕ್ಕೆ ಹತ್ತಿರವಿದೆಯೇ ನೋಡಿ. ಕಟ್ಟಿಸುವುದೇ ಆದರೆ ಮೇಲ್ಮೈ ಒರಟಾಗಿರಲಿ, ಚಕ್ರ ಜಾರಿ ಬೀಳದಂತೆ ಎರಡೂ ಅಂಚಿಗೆ ಸಣ್ಣ ಕಟ್ಟೆ ಬರಲಿ, ಕೈಹಿಡಿಕೆಯೂ ಇರಲಿ. ಅಲ್ಲಿಯವರೆಗೆ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಬಾಡಿಗೆಗೆ ಸಿಕ್ಕೀತೇ ವಿಚಾರಿಸಿ. ಇಳಿಜಾರು ಕಡಿದಾಗಿದ್ದರೆ ಅಮ್ಮನ ಮುಖ ಮನೆಯ ಕಡೆಗಿರುವಂತೆ ಹಿಮ್ಮುಖವಾಗಿ ಇಳಿಸಿ, ಕುರ್ಚಿಯ ಭಾರ ನಿಮ್ಮ ಮೈಗೆ ಆನಿಕೊಂಡಿರುತ್ತದೆ.

ಅಡುಗೆಮನೆಯ ಕಟ್ಟೆ ಒಡೆಸುವ ಮಾತು ಯಾರಾದರೂ ತೆಗೆದರೆ, ಅಮ್ಮನಿಗೆ ಅಲ್ಲಿ ಏನು ಮಾಡುವ ಇಷ್ಟವಿದೆ ಎಂದು ಅವರನ್ನೇ ಕೇಳಿ. ತರಕಾರಿ ಹೆಚ್ಚುವುದಷ್ಟೇ ಆದರೆ, ಕೆಳಗೆ ಮೊಣಕಾಲು ತೂರುವಂತೆ 27 ಇಂಚು ತೆರವಿರುವ ಒಂದು ಮೇಜು ಸಾಕು. ದೀಪದ ಸ್ವಿಚ್ಚು ನೆಲದಿಂದ 4 ಅಡಿಗಿಂತ ಮೇಲಿದ್ದರೆ, ಇಳಿಸುವುದರ ಬದಲು ರಿಮೋಟಿನ ಬಲ್ಬ್ ಹಾಕಿದರೆ ಮುಗಿಯಿತು. ಮಿಕ್ಕ ಹಣದಲ್ಲಿ ತಂತಿಯಿಲ್ಲದ ಒಂದು ಕರೆಗಂಟೆ ತಂದು, ಅದರ ಗುಂಡಿಯನ್ನು ಬಚ್ಚಲ ಗೋಡೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ. ಬಿದ್ದವರ ಕೈಗೆ ಎಟುಕುವುದು ಅಷ್ಟೇ ಎತ್ತರ.